ಸರಕಾರಿ ವಿಶ್ವವಿದ್ಯಾಲಯದ ಪದವಿ: ಖರ್ಚೆಷ್ಟು, ಫಲವೆಷ್ಟು?

(ಸಂಸ್ಥೆಯ ವಾರ್ಷಿಕ ಸಮಾರಂಭದ ಅಂಗವಾಗಿ ರನ್ನ ಬೆಳಗಲಿಯಲ್ಲಿ ನಡೆದ ಪಾಲಕರ ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



 

ನನಗೆ ಕೊಟ್ಟಿರುವ ವಿಷಯ ‘ಸರಕಾರಿ ವಿಶ್ವವಿದ್ಯಾಲಯದ ಓದು’. ಇದರ ಬಗ್ಗೆ ದೊಡ್ಡ ದೊಡ್ಡ ಮಾತು ಆಡುವುದು ಸುಲಭ. ವಿದ್ಯೆಗೆ ಬೆಲೆ ಕಟ್ಟಲಾಗದು ಎಂದು ಹೇಳಿ ಚಪ್ಪಾಳೆ ತೆಗೆದುಕೊಂಡು ಕೂಡ್ರಬಹುದು. ಆದರೆ ಇಲ್ಲಿ ಕೂತಿರುವ ಪಾಲಕರಲ್ಲಿ ಮಗ್ಗದ ಕೆಲಸದವರಿದ್ದೀರಿ, ಗೌಂಡಿಗಳಿದ್ದೀರಿ, ಗ್ಯಾರೇಜಿನವರಿದ್ದೀರಿ, ಸಂತೆಯಲ್ಲಿ ಹಣ್ಣು-ಕಾಯಿಪಲ್ಲೆ ಮಾರುವವರಿದ್ದೀರಿ. ನಿಮಗೆ ವಿದ್ಯೆಗೆ ಬೆಲೆ ಇದೆ, ಅದನ್ನು ಪ್ರತಿ ಜೂನ್ ತಿಂಗಳಿನಲ್ಲಿ ಕಟ್ಟುತ್ತೀರಿ. ಆದ್ದರಿಂದ ನಾನು ಇವತ್ತು ಲೆಕ್ಕದ ಮಾತನ್ನೇ ಆಡುತ್ತೇನೆ.

ಪಿ.ಯು.ಸಿ. ಫಲಿತಾಂಶ ಬಂದ ಮೇಲೆ ಪಾಲಕರು ಎರಡು ಬಗೆಯ ಪ್ರಶ್ನೆ ಕೇಳುತ್ತಾರೆ. ಕೆಲವರು, “ಮಾಸ್ತರ, ಸರಕಾರಿ ಕಾಲೇಜಿನ್ಯಾಗ ಫೀ ಕಡಿಮಿ ಐತ್ರೀ, ಅಲ್ಲೇ ಹಚ್ಚಿಬಿಡ್ತೀನಿ, ಆಗೂದ ಆಗ್ಲಿ” ಎನ್ನುತ್ತಾರೆ. ಇನ್ನು ಕೆಲವರು, “ದೊಡ್ಡ ಮಗಾನ್ನ ಮೂರು ವರ್ಷ ಬಿ.ಎ. ಓದಿಸಿದ್ವಿ, ಈಗ ಮತ್ತ ಅಂವ ಅಂಗಡ್ಯಾಗ ಕುಂತಾನ. ಸಣ್ಣಾವ್ನ ಓದ್ಸಿ ಏನ್ ಮಾಡೂದೈತ್ರೀ?” ಎನ್ನುತ್ತಾರೆ. ಮೊದಲನೆಯವರು ಖರ್ಚನ್ನು ಕಡಿಮೆ ಹಿಡಿದಿದ್ದಾರೆ. ಎರಡನೆಯವರು ಫಲವನ್ನು ಕಡಿಮೆ ಹಿಡಿದಿದ್ದಾರೆ. ನನ್ನ ದೃಷ್ಟಿಯಲ್ಲಿ ಇಬ್ಬರ ಲೆಕ್ಕವೂ ಅರ್ಧ ಮಾತ್ರ.

ಮುಂಬಯಿಯಿಂದ ಜಮಖಂಡಿಯವರೆಗೆ

ಮೊದಲು ನಮ್ಮ ಭಾಗದ ಇತಿಹಾಸವನ್ನು ಸ್ವಲ್ಪ ನೋಡೋಣ. ನಮ್ಮ ಅಜ್ಜ-ಮುತ್ತಜ್ಜಂದಿರ ಕಾಲದಲ್ಲಿ ಜಮಖಂಡಿ, ಮುಧೋಳ ಎರಡೂ ಸಂಸ್ಥಾನಗಳು. ಆಗ ಈ ಸೀಮೆಯವರಿಗೆ ವಿಶ್ವವಿದ್ಯಾಲಯವೆಂದರೆ ಮುಂಬಯಿ. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾಯಿತು. ಅದೂ ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿದ್ದೇ. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾಗಿ, 1950ರಲ್ಲಿ ಮುಂಬಯಿಯಿಂದ ಧಾರವಾಡಕ್ಕೆ ಬಂದಿತು. 2003ರಲ್ಲಿ ವಿಜಯಪುರದಲ್ಲಿ ರಾಜ್ಯದ ಮಹಿಳಾ ವಿಶ್ವವಿದ್ಯಾಲಯ ಆಯಿತು. ಇಂದು ಅದಕ್ಕೆ ಅಕ್ಕಮಹಾದೇವಿಯವರ ಹೆಸರಿದೆ. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯ ಆರಂಭವಾಗಿ ಬೆಳಗಾವಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಕಾಲೇಜುಗಳು ಅದರ ವ್ಯಾಪ್ತಿಗೆ ಬಂದವು. 2023ರ ಮಾರ್ಚ್ ತಿಂಗಳಲ್ಲಿ ರಾಜ್ಯದ ಬೇರೆ ಹೊಸ ವಿಶ್ವವಿದ್ಯಾಲಯಗಳ ಜೊತೆಗೆ ಬಾಗಲಕೋಟೆ ವಿಶ್ವವಿದ್ಯಾಲಯವೂ ಉದ್ಘಾಟನೆಗೊಂಡಿತು. ಅದರ ಕೇಂದ್ರ ಸ್ಥಾನ ನಮ್ಮ ಜಮಖಂಡಿ.

ಅಂದರೆ ಮುಂಬಯಿ, ಧಾರವಾಡ, ಬೆಳಗಾವಿ, ಜಮಖಂಡಿ ಹೀಗೆ ಹೆಜ್ಜೆ ಹೆಜ್ಜೆಯಾಗಿ ವಿಶ್ವವಿದ್ಯಾಲಯವೇ ನಮ್ಮ ಕಡೆಗೆ ನಡೆದುಕೊಂಡು ಬಂದಿದೆ. ಈ ಊರಿನವನೇ ಆದ ಕವಿ ರನ್ನ ಬಳೆಗಾರರ ಮನೆಯ ಮಗ. ಹತ್ತನೆಯ ಶತಮಾನದಲ್ಲಿ ಅವನು ವಿದ್ಯೆಗಾಗಿ ಇಲ್ಲಿಂದ ದಕ್ಷಿಣದ ಗಂಗರ ನಾಡಿನವರೆಗೆ ಹೋದ. ಅಲ್ಲಿ ಅಜಿತಸೇನಾಚಾರ್ಯರು ಗುರುಗಳಾದರು, ಚಾವುಂಡರಾಯನ ಆಸರೆ ಸಿಕ್ಕಿತು. ಬಳೆ ಮಾರುವ ಮನೆಯ ಹುಡುಗ ಕವಿಚಕ್ರವರ್ತಿ ಎನಿಸಿಕೊಂಡ. ಅವನಿಗೆ ಬಸ್ಸು ಇರಲಿಲ್ಲ, ವಿದ್ಯಾರ್ಥಿವೇತನ ಇರಲಿಲ್ಲ. ನಮಗೆ ಎರಡೂ ಇವೆ.

ಆದರೆ ಬಂದದ್ದು ಹಾಗೆಯೇ ಉಳಿಯುತ್ತದೆ ಎಂದು ತಿಳಿಯಬಾರದು. 2025ರ ಫೆಬ್ರವರಿಯಲ್ಲಿ ಡಿ.ಕೆ. ಶಿವಕುಮಾರ ಅವರ ನೇತೃತ್ವದ ಸಚಿವ ಸಂಪುಟ ಉಪಸಮಿತಿಯು ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಅಭಿಪ್ರಾಯಕ್ಕೆ ಬಂದಿತು. ಹಣಕಾಸಿನ ಮತ್ತು ಸೌಕರ್ಯಗಳ ಕೊರತೆಯೇ ಮುಖ್ಯ ಕಾರಣ. ಆ ಪಟ್ಟಿಯಲ್ಲಿ ನಮ್ಮ ಜಿಲ್ಲೆಯ ವಿಶ್ವವಿದ್ಯಾಲಯವೂ ಇತ್ತು. ಈ ಮಾತಿಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ. ಈಗ ಮನೆಯ ಲೆಕ್ಕ.

ಫೀ ಎಂಬುದು ಖರ್ಚಿನ ಸಣ್ಣ ಪಾಲು

ಒಬ್ಬ ಹುಡುಗನನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ನಾನು ಹೇಳುವ ಅಂಕಿಗಳು ಲೆಕ್ಕಕ್ಕಾಗಿ ಹಿಡಿದವು. ನಿಮ್ಮ ಮನೆಯ ಅಂಕಿಗಳನ್ನು ಹಾಕಿ ನೀವೇ ಮಾಡಿ ನೋಡಿ.

ಹುಡುಗ ಊರಿನಿಂದ ದಿನಾಲು ಮುಧೋಳಕ್ಕೋ ಜಮಖಂಡಿಗೋ ಬಸ್ಸಿನಲ್ಲಿ ಹೋಗಿ ಸರಕಾರಿ ಕಾಲೇಜಿನಲ್ಲಿ ಪದವಿ ಓದುತ್ತಾನೆ. ಪ್ರವೇಶ ಶುಲ್ಕ, ಪರೀಕ್ಷಾ ಶುಲ್ಕ ಎಲ್ಲ ಸೇರಿ ವರ್ಷಕ್ಕೆ 5,000 ರೂಪಾಯಿ ಎಂದು ಹಿಡಿಯೋಣ. ಮೂರು ವರ್ಷಕ್ಕೆ 15,000. ಬಸ್ ಪಾಸು, ಪುಸ್ತಕ, ಬಟ್ಟೆ, ಚಹಾ ಎಂದು ತಿಂಗಳಿಗೆ 1,000ದಂತೆ ಹತ್ತು ತಿಂಗಳಿಗೆ 10,000. ಮೂರು ವರ್ಷಕ್ಕೆ 30,000. ಇಲ್ಲಿಗೆ ಕೈಯಿಂದ ಹೋಗುವ ರೊಕ್ಕ 45,000.

ಆದರೆ ಅದೇ ಹುಡುಗ ಓದದೆ ಗೌಂಡಿಯ ಕೈಕೆಳಗೆ ಕೆಲಸಕ್ಕೆ ಹೋಗಿದ್ದರೆ? ದಿನಕ್ಕೆ 400 ರೂಪಾಯಿ, ವರ್ಷದಲ್ಲಿ 250 ದಿನ ಕೆಲಸ ಸಿಕ್ಕಿತು ಎಂದರೆ 1,00,000. ಮೂರು ವರ್ಷಕ್ಕೆ 3,00,000. ಓದುವ ಹುಡುಗನ ಮನೆ ಈ ದುಡಿಮೆಯನ್ನು ಬಿಟ್ಟುಕೊಡುತ್ತದೆ. ಇದಕ್ಕೆ ಯಾರೂ ರಸೀದಿ ಕೊಡುವುದಿಲ್ಲ. ಹೀಗಾಗಿ ನಾವು ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಒಟ್ಟು ಕೂಡಿಸಿದರೆ 3,45,000. ಇದರಲ್ಲಿ ಫೀ 15,000 ಮಾತ್ರ. ಇಪ್ಪತ್ತರಲ್ಲಿ ಒಂದು ಪಾಲೂ ಇಲ್ಲ. ಸರಕಾರಿ ವಿಶ್ವವಿದ್ಯಾಲಯದ ಓದಿನಲ್ಲಿ ಅಗ್ಗವಾಗಿರುವುದು ಫೀ. ತುಟ್ಟಿಯಾಗಿರುವುದು ಮಗನ ಮೂರು ವರ್ಷ.

ಇದರಿಂದ ಮೂರು ಪಾಠ ಕಲಿಯಬಹುದು.

ಒಂದನೆಯದು, ‘ಫೀ ಕಡಿಮೆ, ಆಗೂದ ಆಗ್ಲಿ’ ಎಂದು ಸೇರಿಸಿ, ಹುಡುಗ ತರಗತಿಗೆ ಹೋಗದೆ ಬಸ್ ನಿಲ್ದಾಣದಲ್ಲಿ ಮೊಬೈಲ್ ನೋಡುತ್ತ ಕೂತರೆ ನಿಮಗೆ ನಷ್ಟವಾಗುವುದು 15,000 ಅಲ್ಲ, ಮೂರೂವರೆ ಲಕ್ಷ. ಎರಡು ವಿಷಯ ಉಳಿಸಿಕೊಂಡು ಇನ್ನೊಂದು ವರ್ಷ ಹೋದರೆ ಮತ್ತೊಂದು ಲಕ್ಷ. ವಿದ್ಯಾರ್ಥಿಗಳೇ, ಇದನ್ನು ನೀವು ವಿಶೇಷವಾಗಿ ನೆನಪಿಡಬೇಕು. ಕಾಲೇಜಿನಲ್ಲಿ ಹಾಜರಿ ಬೀಳದ ಪ್ರತಿ ದಿನ ನಿಮ್ಮ ಅಬ್ಬಾನ ಒಂದು ದಿನದ ದುಡಿಮೆ.

ಎರಡನೆಯದು, ವಿಶ್ವವಿದ್ಯಾಲಯದಲ್ಲಿ ಪಾಠ ನಡೆಯುವುದು ವರ್ಷಕ್ಕೆ ಸುಮಾರು 180 ದಿನ. ಉಳಿದ ರಜೆಯಲ್ಲಿ 60 ದಿನ ಕೆಲಸ ಮಾಡಿದರೆ ಅದೇ 400ರ ಲೆಕ್ಕದಲ್ಲಿ 24,000 ರೂಪಾಯಿ. ವರ್ಷದ ಫೀ, ಬಸ್ಸು, ಪುಸ್ತಕ ಎಲ್ಲ ಸೇರಿ 15,000 ಇತ್ತು. ಅಂದರೆ ಸರಕಾರಿ ಕಾಲೇಜಿನ ಹುಡುಗ ತನ್ನ ಓದಿನ ಕೈಖರ್ಚನ್ನು ತಾನೇ ದುಡಿದುಕೊಳ್ಳಬಹುದು. ಇದು ನಾಚಿಕೆಯ ಮಾತಲ್ಲ, ಹೆಮ್ಮೆಯ ಮಾತು.

ಮೂರನೆಯದು, ವರ್ಷಕ್ಕೆ ಒಂದು ಲಕ್ಷ ಫೀ ಇರುವ ಖಾಸಗಿ ಸಂಸ್ಥೆಗೆ ಸೇರಿಸಿದರೂ ಮಗನ ಮೂರು ವರ್ಷ ಹೋಗುವುದೇ. ಅಲ್ಲಿ ಒಟ್ಟು ಖರ್ಚು 6,30,000 ಆಗುತ್ತದೆ, ಮತ್ತು ಕೈಯಿಂದ ಕೊಡಬೇಕಾದದ್ದು 45,000ದ ಬದಲು 3,30,000. ಅಷ್ಟು ರೊಕ್ಕ ರಜೆಯ ಕೆಲಸದಿಂದ ಹುಟ್ಟುವುದಿಲ್ಲ. ಹೊಲ ಹೋಗುತ್ತದೆ, ತಾಯಿಯ ಬಂಗಾರ ಹೋಗುತ್ತದೆ, ಇಲ್ಲವೇ ಬಡ್ಡಿಯ ಸಾಲ ಬರುತ್ತದೆ. ಬಡ್ಡಿಯ ವ್ಯವಹಾರ ಬೇಡ ಎನ್ನುವ ಮನೆಗಳು ನಮ್ಮಲ್ಲಿ ಬಹಳ ಇವೆ. ಅಂಥ ಮನೆಗಳಿಗೆ ಸಾಲವಿಲ್ಲದೆ ಪದವಿಯವರೆಗೆ ಹೋಗುವ ರಸ್ತೆ ಎಂದರೆ ಸರಕಾರಿ ವಿಶ್ವವಿದ್ಯಾಲಯವೇ. ಖಾಸಗಿಯಲ್ಲಿ ಒಳ್ಳೆಯ ಸಂಸ್ಥೆಗಳಿಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ಸಾಮಾನ್ಯ ಬಿ.ಎ., ಬಿ.ಕಾಂ. ಪದವಿಗೆ ಲಕ್ಷಗಟ್ಟಲೆ ಕೊಡುವ ಮುಂಚೆ ಒಂದು ಪ್ರಶ್ನೆ ಕೇಳಿ: ಅರ್ಜಿ ಹಾಕುವಾಗ ಈ ಪದವಿಗೂ ಸರಕಾರಿ ಕಾಲೇಜಿನ ಪದವಿಗೂ ಅರ್ಹತೆಯಲ್ಲಿ ವ್ಯತ್ಯಾಸವಿದೆಯೇ? ಸರಕಾರಿ ನೇಮಕಾತಿಯಲ್ಲಿ, ಬ್ಯಾಂಕಿನ ಪರೀಕ್ಷೆಯಲ್ಲಿ ಇಲ್ಲ.

ಪದವಿ ಯಾವ ಬಾಗಿಲು ತೆರೆಯುತ್ತದೆ?

ಈಗ ಫಲದ ಲೆಕ್ಕ. ಮೂರೂವರೆ ಲಕ್ಷ ಹಾಕಿದವನಿಗೆ ಪದವಿಯಿಂದ ತಿಂಗಳಿಗೆ 5,000 ಹೆಚ್ಚು ಪಗಾರ ಬಂದರೆ ವರ್ಷಕ್ಕೆ 60,000. ಆರು ವರ್ಷದೊಳಗೆ ಹಾಕಿದ್ದು ತಿರುಗಿ ಬರುತ್ತದೆ. ಹುಡುಗನಿಗೆ ಆಗ 27 ವರ್ಷ. ಮುಂದಿನ ಮೂವತ್ತು ವರ್ಷ ಲಾಭವೇ. ಆದರೆ ಆ 5,000 ಹೆಚ್ಚು ಬರದಿದ್ದರೆ? ಆಗ ಅಂಗಡಿಯಲ್ಲಿ ಕೂತ ಮಗನ ತಂದೆ ಕೇಳುವ ಪ್ರಶ್ನೆ ಸರಿಯಾಗಿಯೇ ಇದೆ. ಆದ್ದರಿಂದ ಈ ವ್ಯತ್ಯಾಸ ಹೇಗೆ ಹುಟ್ಟುತ್ತದೆ ಎಂಬುದನ್ನು ತಿಳಿಯಬೇಕು.

ಪದವಿ ಪ್ರಮಾಣಪತ್ರ ಕೆಲಸ ಕೊಡುವುದಿಲ್ಲ. ಅದು ಬಾಗಿಲ ಹತ್ತಿರ ನಿಲ್ಲುವ ಹಕ್ಕು ಕೊಡುತ್ತದೆ. ಪಿ.ಯು.ಸಿ. ಮುಗಿಸಿದವನು ದ್ವಿತೀಯ ದರ್ಜೆ ಸಹಾಯಕನ ಹುದ್ದೆಗೆ ಅರ್ಜಿ ಹಾಕಬಹುದು. ಪ್ರಥಮ ದರ್ಜೆ ಸಹಾಯಕ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಕೆ.ಎ.ಎಸ್. ಪರೀಕ್ಷೆಗೆ ಪದವಿ ಬೇಕು. ಬ್ಯಾಂಕಿನ ಕ್ಲರ್ಕ್ ಮತ್ತು ಅಧಿಕಾರಿ ಹುದ್ದೆಗಳಿಗೆ ಯಾವುದೇ ವಿಷಯದ ಪದವಿ ಸಾಕು. 2025ರ ಮೇ 1ರಂದು ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು ಕೂಡಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ. ಅಲ್ಲಿಯೂ ಪದವಿಯ ಜೊತೆಗೆ ಸ್ಥಳೀಯ ಭಾಷೆ ಬಲ್ಲವರು ಬೇಕು. ಮೂರು ವರ್ಷದ ಎಲ್‌ಎಲ್.ಬಿ. ಸೇರಲು ಪದವಿ ಬೇಕು. ಅದಕ್ಕೆ ಹುಬ್ಬಳ್ಳಿಯಲ್ಲಿ ರಾಜ್ಯ ಕಾನೂನು ವಿಶ್ವವಿದ್ಯಾಲಯವಿದೆ. ಬಿ.ಎಡ್.ಗೆ ಪದವಿ ಬೇಕು. ಗ್ರಂಥಾಲಯ ವಿಜ್ಞಾನ, ಸಮಾಜಕಾರ್ಯ, ಪತ್ರಿಕೋದ್ಯಮ, ಎಂ.ಬಿ.ಎ. ಎಲ್ಲದಕ್ಕೂ ಪದವಿಯೇ ಮೆಟ್ಟಿಲು.

ಬಾಗಿಲ ಮುಂದೆ ನಿಂತವರು ಬಹಳ ಜನ ಎಂಬುದೂ ಸತ್ಯ. ನಿರುದ್ಯೋಗಿ ಪದವೀಧರರಿಗೆ ಎರಡು ವರ್ಷದವರೆಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500 ಕೊಡುವ ಯುವನಿಧಿ ಯೋಜನೆಯನ್ನು ರಾಜ್ಯ ಸರಕಾರ 2024ರ ಜನವರಿಯಲ್ಲಿ ಆರಂಭಿಸಿತು. ಪದವಿ ಮುಗಿದ ಕೂಡಲೇ ಕೆಲಸ ಸಿಗುವುದಿಲ್ಲ ಎಂಬುದನ್ನು ಸರಕಾರವೇ ಒಪ್ಪಿದಂತಾಯಿತು. ನನ್ನ ವೃತ್ತಿಯನ್ನೇ ನೋಡಿ. ಪದವಿ ಮೂರು ವರ್ಷ, ಬಿ.ಎಡ್. ಎರಡು ವರ್ಷ, ಆಮೇಲೆ ಶಿಕ್ಷಕರ ಅರ್ಹತಾ ಪರೀಕ್ಷೆ, ಆಮೇಲೆ ನೇಮಕಾತಿ ಯಾವಾಗ ಕರೆಯುತ್ತಾರೋ ಎಂದು ಕಾಯುವುದು. ಕಾಲೇಜಿನ ಅಧ್ಯಾಪಕನಾಗಬೇಕಾದರೆ ಸ್ನಾತಕೋತ್ತರ ಪದವಿ, ಅದರ ಮೇಲೆ ಕೆ-ಸೆಟ್ ಅಥವಾ ನೆಟ್. ಅದನ್ನೆಲ್ಲ ಮುಗಿಸಿಯೂ ಅತಿಥಿ ಉಪನ್ಯಾಸಕರಾಗಿ ವರ್ಷಗಳನ್ನು ಕಳೆದವರು ನಮ್ಮ ಸುತ್ತಮುತ್ತಲೇ ಇದ್ದಾರೆ. ಈ ಸಂಗತಿಗಳನ್ನು ಮುಚ್ಚಿಟ್ಟು ಮಕ್ಕಳಿಗೆ ಕನಸು ಮಾರುವುದು ಶಿಕ್ಷಕನ ಕೆಲಸವಲ್ಲ.

ಹಾಗಾದರೆ ಯಾರಿಗೆ ಫಲ ಸಿಗುತ್ತದೆ? ಮೂರು ವರ್ಷವನ್ನು ಪ್ರಮಾಣಪತ್ರಕ್ಕೆ ಕಾಯುವ ಕಾಲವೆಂದು ತಿಳಿಯದೆ ತಯಾರಿಯ ಕಾಲವೆಂದು ತಿಳಿದವರಿಗೆ. ಮೊದಲನೇ ವರ್ಷದಲ್ಲೇ ಯಾವ ಬಾಗಿಲು ಎಂದು ನಿಶ್ಚಯ ಮಾಡಬೇಕು. ಬ್ಯಾಂಕ್ ಎಂದರೆ ಅಂದಿನಿಂದಲೇ ಲೆಕ್ಕ, ಇಂಗ್ಲಿಷ್. ಶಿಕ್ಷಕನಾಗಬೇಕು ಎಂದರೆ ಯಾವ ವಿಷಯದ ಜೋಡಿ ತೆಗೆದುಕೊಂಡರೆ ಬಿ.ಎಡ್.ಗೆ, ನೇಮಕಾತಿಗೆ ಅನುಕೂಲ ಎಂದು ಪ್ರವೇಶಕ್ಕೆ ಮುಂಚೆಯೇ ವಿಚಾರಿಸಬೇಕು. ಗೆಳೆಯ ತೆಗೆದುಕೊಂಡ ವಿಷಯವನ್ನೇ ತಾನೂ ತೆಗೆದುಕೊಳ್ಳುವುದು ನಮ್ಮಲ್ಲಿ ದೊಡ್ಡ ರೋಗ. ಇನ್ನೊಂದು ಅನುಕೂಲ ಹೇಳುತ್ತೇನೆ. 2021ರಲ್ಲಿ ರಾಜ್ಯದಲ್ಲಿ ನಾಲ್ಕು ವರ್ಷದ ಪದವಿ ಕ್ರಮ ಬಂದಿತ್ತು. 2024-25ರಿಂದ ಮತ್ತೆ ಮೂರು ವರ್ಷದ ಪದವಿ ಬಂದಿದೆ. ಬಡವರ ಮನೆಗೆ ಒಂದು ವರ್ಷದ ದುಡಿಮೆ ಉಳಿದಂತಾಯಿತು.

ಭಾಷೆಯ ಮಾತು

ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವವನಾಗಿ ಈ ಮಾತನ್ನು ಒತ್ತಿ ಹೇಳಬೇಕು. ಉರ್ದು ನಮ್ಮ ಮನೆಯ ಭಾಷೆ. ಉರ್ದುವಿನಲ್ಲಿ ಉನ್ನತ ಶಿಕ್ಷಣ ಪಡೆಯಲು 1998ರಲ್ಲಿ ಸ್ಥಾಪನೆಯಾದ ಹೈದರಾಬಾದಿನ ಮೌಲಾನಾ ಆಜಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾಲಯವಿದೆ. ಅದು ಕೇಂದ್ರ ಸರಕಾರದ್ದು. ಬೀದರಿನಲ್ಲಿ ಅದರ ಶಿಕ್ಷಕ ತರಬೇತಿ ಕಾಲೇಜೂ ಇದೆ. ಆದರೆ ಕರ್ನಾಟಕದಲ್ಲಿ ಲೋಕಸೇವಾ ಆಯೋಗದ ಸಹಾಯಕರ ಹುದ್ದೆಗೆ ನಡೆಯುವ ಕಡ್ಡಾಯ ಕನ್ನಡ ಪರೀಕ್ಷೆಯಲ್ಲಿ 150ಕ್ಕೆ 50 ಅಂಕ ಬರದಿದ್ದರೆ ಉಳಿದ ಪತ್ರಿಕೆಗಳಲ್ಲಿ ಎಷ್ಟು ಅಂಕ ಬಂದರೂ ಪ್ರಯೋಜನವಿಲ್ಲ. ಉರ್ದು ಮಾಧ್ಯಮದಲ್ಲಿ ಓದಿದ ನಮ್ಮ ಜಾಣ ಮಕ್ಕಳು ಇಲ್ಲಿ ಎಡವಬಾರದು. ಕನ್ನಡದಲ್ಲಿ ಅರ್ಜಿ ಬರೆಯುವುದು, ಪ್ರಬಂಧ ಬರೆಯುವುದು, ದಿನಪತ್ರಿಕೆ ಓದುವುದು ಎಂಟನೇ ತರಗತಿಯಿಂದಲೇ ರೂಢಿಯಾಗಬೇಕು. ಎರಡು ಭಾಷೆ ಬಲ್ಲವನಿಗೆ ಎರಡು ಬಾಗಿಲು.

ಹೆಣ್ಣುಮಕ್ಕಳ ಲೆಕ್ಕ

ತಾಯಂದಿರೇ, ಹೆಣ್ಣುಮಕ್ಕಳ ವಿಷಯದಲ್ಲಿ ಈ ಲೆಕ್ಕ ಇನ್ನೂ ಹಗುರ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ಇಲ್ಲ. ನಮ್ಮ ಊರಿನಿಂದ ಕಾಲೇಜಿಗೆ ದಿನಾಲು ಹೋಗಿಬರಲು ಆಕೆಗೆ ಬಸ್ಸಿನ ಖರ್ಚೇ ಇಲ್ಲ. ಮುಂದೆ ಓದಬೇಕೆಂದರೆ ಹೆಣ್ಣುಮಕ್ಕಳಿಗಾಗಿಯೇ ಇರುವ ವಿಶ್ವವಿದ್ಯಾಲಯ ವಿಜಯಪುರದಲ್ಲಿದೆ.

ಆದರೂ ಪಿ.ಯು.ಸಿ. ಆದ ಮೇಲೆ ಎಷ್ಟೋ ಹುಡುಗಿಯರು ಮನೆಯಲ್ಲೇ ಉಳಿಯುತ್ತಾರೆ. ಕಾರಣ ರೊಕ್ಕವಲ್ಲ. “ಹೆಚ್ಚು ಓದಿದ್ರ ಜೋಡಿ ಸಿಗೂದಿಲ್ರೀ” ಎಂಬ ಮಾತು. ನಾನು ಇದಕ್ಕೆ ಹೇಳುವುದು ಇಷ್ಟೇ. ಹುಡುಗರು ಹತ್ತನೆಯ ತರಗತಿಗೆ ಬಿಟ್ಟು ದುಡಿಯಲು ಹೋಗುತ್ತಿರುವುದರಿಂದ ಓದಿದ ಹುಡುಗಿಗೆ ಜೋಡಿ ಸಿಗುತ್ತಿಲ್ಲ. ಅದಕ್ಕೆ ಪರಿಹಾರ ಹುಡುಗರನ್ನು ಓದಿಸುವುದು, ಹುಡುಗಿಯನ್ನು ಮನೆಯಲ್ಲಿ ಕೂಡ್ರಿಸುವುದಲ್ಲ. ಓದಿದ ಹುಡುಗಿ ನಾಳೆ ನೌಕರಿ ಮಾಡದಿದ್ದರೂ ಆಸ್ಪತ್ರೆಯ ಚೀಟಿ ಓದುತ್ತಾಳೆ, ಬ್ಯಾಂಕಿನ ಕಾಗದಕ್ಕೆ ತಿಳಿದು ಸಹಿ ಮಾಡುತ್ತಾಳೆ, ಮಕ್ಕಳ ಪಾಠ ನೋಡುತ್ತಾಳೆ. ಕಷ್ಟದ ಕಾಲ ಬಂದರೆ ಯಾರ ಮುಂದೆಯೂ ಕೈ ಚಾಚದೆ ನಿಲ್ಲುತ್ತಾಳೆ. ಈ ಫಲ ಪಗಾರದ ಲೆಕ್ಕದಲ್ಲಿ ಬರುವುದಿಲ್ಲ, ಮನೆಯ ಲೆಕ್ಕದಲ್ಲಿ ಬರುತ್ತದೆ.

ನಾವು ಎಲ್ಲಿದ್ದೇವೆ?

2006ರ ಸಾಚಾರ್ ಸಮಿತಿಯ ವರದಿ ಒಂದು ಮಾತು ಹೇಳಿತ್ತು. ದೇಶದ ಪ್ರತಿಷ್ಠಿತ ಕಾಲೇಜುಗಳಲ್ಲಿ ಪದವಿ ಓದುವ 25 ಜನರಲ್ಲಿ ಒಬ್ಬ ಮಾತ್ರ ಮುಸ್ಲಿಂ, ಸ್ನಾತಕೋತ್ತರದಲ್ಲಿ 50ಕ್ಕೆ ಒಬ್ಬ. ಆ ಮೇಲೆ ನಾವು ಮುಂದೆ ಬಂದೆವು ಎಂದು ತಿಳಿದಿದ್ದೆವು. ಆದರೆ ಕೇಂದ್ರ ಸರಕಾರದ 2020-21ರ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಉನ್ನತ ಶಿಕ್ಷಣದಲ್ಲಿದ್ದ ಮುಸ್ಲಿಂ ವಿದ್ಯಾರ್ಥಿಗಳು ಹಿಂದಿನ ವರ್ಷದ ಸುಮಾರು 21 ಲಕ್ಷದಿಂದ 19.21 ಲಕ್ಷಕ್ಕೆ ಇಳಿದಿದ್ದರು. ಅದು ಕೊರೊನಾದ ವರ್ಷ ನಿಜ. ಆದರೆ ಅದೇ ವರ್ಷ ಒಟ್ಟು ವಿದ್ಯಾರ್ಥಿಗಳ ಸಂಖ್ಯೆ ಏರಿತ್ತು. ಸಂಕಟ ಬಂದಾಗ ಮೊದಲು ಪುಸ್ತಕ ಕೆಳಗಿಟ್ಟವರಲ್ಲಿ ನಮ್ಮ ಮಕ್ಕಳಿದ್ದರು ಎಂಬುದು ನಾವೆಲ್ಲ ವಿಚಾರ ಮಾಡಬೇಕಾದ ಸಂಗತಿ.

ಸಹಾಯದ ದಾರಿಗಳು

ಸರಕಾರದಿಂದ ಸಿಗುವ ಅನುಕೂಲಗಳನ್ನು ಸರಿಯಾಗಿ ತಿಳಿದುಕೊಳ್ಳಿ. ನಮ್ಮ ಸಮುದಾಯಕ್ಕೆ ಪ್ರವರ್ಗ 2-ಬಿ ಅಡಿಯಲ್ಲಿ ಶೇಕಡಾ 4 ಮೀಸಲಾತಿ ಇದೆ. 2023ರ ಮಾರ್ಚ್‌ನಲ್ಲಿ ಅದನ್ನು ತೆಗೆಯುವ ಆದೇಶ ಹೊರಟಿತ್ತು. ವಿಷಯ ಸುಪ್ರೀಂ ಕೋರ್ಟಿನ ಮುಂದೆ ಹೋದ ಮೇಲೆ ಅದು ಜಾರಿಗೆ ಬರಲಿಲ್ಲ. ನದಾಫ, ಪಿಂಜಾರ ಬಂಧುಗಳು ಪ್ರವರ್ಗ-1ರಲ್ಲಿ ಬರುತ್ತಾರೆ. ಅವರು ತಿಳಿಯದೆ 2-ಬಿ ಎಂದು ಬರೆಸಬಾರದು. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಫಲಿತಾಂಶ ಬರುವ ಮುಂಚೆಯೇ ಮಾಡಿಸಿಟ್ಟುಕೊಳ್ಳಿ. ಅಂಕಪಟ್ಟಿ, ಆಧಾರ್, ಬ್ಯಾಂಕ್ ಪುಸ್ತಕ ಮೂರರಲ್ಲೂ ಹೆಸರು ಒಂದೇ ರೀತಿ ಇರಲಿ. ಶೇಖ, ಶೇಕ್, ಶೇಖ್ ಎಂದು ಮೂರು ಕಡೆ ಮೂರು ಬಗೆ ಬರೆಸಿದ ಕಾರಣಕ್ಕೆ ವಿದ್ಯಾರ್ಥಿವೇತನ ನಿಂತುಹೋಗಬಾರದು.

ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ವಸತಿ ನಿಲಯಗಳಿವೆ. ವೃತ್ತಿಪರ ಕೋರ್ಸುಗಳಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲ ಯೋಜನೆ ಇದೆ. ಆದರೆ ಹಳೆಯ ಹೆಸರುಗಳನ್ನು ನಂಬಿ ಕೂಡಬೇಡಿ. ಸಂಶೋಧನಾ ವಿದ್ಯಾರ್ಥಿಗಳಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ 2022ರಲ್ಲಿ ನಿಂತಿತು. ಮೌಲಾನಾ ಆಜಾದ್ ಶಿಕ್ಷಣ ಪ್ರತಿಷ್ಠಾನವನ್ನು ಮುಚ್ಚುವ ಆದೇಶ 2024ರಲ್ಲಿ ಬಂದಿತು. ಬಂದರೆ ಒಳ್ಳೆಯದು, ಬರದಿದ್ದರೂ ಓದು ನಿಲ್ಲಬಾರದು ಎನ್ನುವಂತೆ ನಿಮ್ಮ ಲೆಕ್ಕ ಇರಲಿ.

ಎಲ್ಲರಿಗೂ ಪದವಿಯೇ ಬೇಕೆಂದಿಲ್ಲ

ಇನ್ನೊಂದು ಮಾತು. ಕೈಕೆಲಸದಲ್ಲಿ ಮನಸ್ಸಿರುವ ಹುಡುಗನನ್ನು ಬಲವಂತದಿಂದ ಬಿ.ಎ.ಗೆ ತಳ್ಳಬೇಡಿ. ಐ.ಟಿ.ಐ., ಡಿಪ್ಲೊಮಾ ಅವನಿಗೆ ಸರಿಯಾದ ದಾರಿ ಆಗಬಹುದು. ನಮ್ಮ ಸುತ್ತ ಸಕ್ಕರೆ ಕಾರ್ಖಾನೆಗಳಿವೆ; ಅಲ್ಲಿ ಫಿಟ್ಟರ್, ಎಲೆಕ್ಟ್ರಿಷಿಯನ್ ಬಲ್ಲವರಿಗೆ ಕೆಲಸವಿದೆ. ಪ್ರಮಾಣಪತ್ರ ಇಲ್ಲದೆ ಗ್ಯಾರೇಜಿನಲ್ಲಿ ಹತ್ತು ವರ್ಷ ಕಲಿತ ವಿದ್ಯೆಗಿಂತ ಎರಡು ವರ್ಷದ ಐ.ಟಿ.ಐ. ಕಾಗದಕ್ಕೆ ಕಂಪನಿಯಲ್ಲಿ ಬೆಲೆ ಹೆಚ್ಚು.

ಮನೆಯ ಪರಿಸ್ಥಿತಿಯಿಂದ ದುಡಿಯಲೇಬೇಕಾದವರಿಗೆ 1996ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಿದೆ. ದುಡಿಮೆಯನ್ನು ಬಿಡದೆ ಓದುವುದರಿಂದ ಮೊದಲು ಹೇಳಿದ ಮೂರು ಲಕ್ಷದ ಖರ್ಚೇ ಇಲ್ಲ. ಆದರೆ ಅದೇ ಮುಕ್ತ ವಿಶ್ವವಿದ್ಯಾಲಯದ ಕೋರ್ಸುಗಳಿಗೆ 2013ರಿಂದ ಕೆಲವು ವರ್ಷ ಯು.ಜಿ.ಸಿ. ಮಾನ್ಯತೆ ಇಲ್ಲದೆ ವಿದ್ಯಾರ್ಥಿಗಳು ಪರದಾಡಿದರು. 2018ರಲ್ಲಿ ಮಾನ್ಯತೆ ಮರಳಿ ಬಂದಿತು. ಆದ್ದರಿಂದ ಸರಕಾರಿ ಇರಲಿ, ಖಾಸಗಿ ಇರಲಿ, ನೀವು ಸೇರುವ ಕೋರ್ಸಿಗೆ ಆ ವರ್ಷ ಯು.ಜಿ.ಸಿ. ಮಾನ್ಯತೆ ಇದೆಯೇ ಎಂದು ನೋಡಿಯೇ ಫೀ ಕಟ್ಟಿ. ಬಿ.ಎಡ್. ಆದರೆ ಎನ್.ಸಿ.ಟಿ.ಇ. ಮಾನ್ಯತೆ ನೋಡಿ. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಯು.ಜಿ.ಸಿ. ಪ್ರಕಟಿಸುತ್ತದೆ, ಅದನ್ನು ಒಮ್ಮೆ ನೋಡಲು ಹತ್ತು ನಿಮಿಷ ಸಾಕು.

ನಮ್ಮ ವಿಶ್ವವಿದ್ಯಾಲಯ, ನಮ್ಮ ಹೊಣೆ

ಈಗ ಜಮಖಂಡಿಯ ಮಾತಿಗೆ ಬರುತ್ತೇನೆ. ಕಳೆದ ವರ್ಷಗಳಲ್ಲಿ ವಿದ್ಯಾರ್ಥಿಗಳು ನನ್ನನ್ನು ಕೇಳಿದ್ದುಂಟು: “ಸರ್, ವಿಶ್ವವಿದ್ಯಾಲಯ ಮುಚ್ಚಿದರೆ ನಮ್ಮ ಪದವಿಯೂ ಹೋಗುತ್ತದೆಯೇ?” ಹೋಗುವುದಿಲ್ಲ. ಶಾಸನದ ಪ್ರಕಾರ ಸ್ಥಾಪಿತವಾದ ವಿಶ್ವವಿದ್ಯಾಲಯ ಕೊಟ್ಟ ಪದವಿ ಪದವಿಯೇ. ಉಪಸಮಿತಿ ಹೇಳಿದ್ದೂ ಹೊಸ ವಿಶ್ವವಿದ್ಯಾಲಯಗಳನ್ನು ಮೂಲ ವಿಶ್ವವಿದ್ಯಾಲಯಗಳ ಜೊತೆ ಸೇರಿಸುವ ಮಾತನ್ನು. ಆದ್ದರಿಂದ ಹೆದರಿ ಖಾಸಗಿ ಸಂಸ್ಥೆಗಳಿಗೆ ಓಡುವ ಅಗತ್ಯವಿಲ್ಲ.

ಆದರೆ ದೂರ ಹೆಚ್ಚಾದರೆ ಖರ್ಚು ಹೆಚ್ಚುತ್ತದೆ. ಜಮಖಂಡಿಗೆ ಹೋಗಿ ಸಂಜೆ ಮನೆಗೆ ಬರುವ ಹುಡುಗಿ ಎಂ.ಎ. ಓದುತ್ತಾಳೆ. ಅದೇ ಎಂ.ಎ.ಗೆ ಬೆಳಗಾವಿಗೆ ಹೋಗಬೇಕಾದರೆ ಖೋಲಿ, ಊಟ ಎಂದು ತಿಂಗಳಿಗೆ 6,000 ಹಿಡಿದರೂ ವರ್ಷಕ್ಕೆ 60,000. ಮೇಲಾಗಿ ಎಷ್ಟೋ ಮನೆಗಳು ಆಕೆಯನ್ನು ಕಳಿಸುವುದೇ ಇಲ್ಲ. ಸರಕಾರದ ಕಾಗದದಲ್ಲಿ ಒಂದು ವಿಲೀನ ಎನ್ನಿಸುವುದು ನಮ್ಮ ಮೊಹಲ್ಲಾದಲ್ಲಿ ಹತ್ತು ಹುಡುಗಿಯರ ಓದಿನ ಕೊನೆ ಆಗಬಹುದು. ಹೀಗಾಗಿ ಈ ವಿಶ್ವವಿದ್ಯಾಲಯ ಉಳಿಯಲಿ, ಅದಕ್ಕೆ ಕಟ್ಟಡ, ಕಾಯಂ ಅಧ್ಯಾಪಕರು, ಅನುದಾನ ಸಿಗಲಿ ಎಂದು ಊರಿನ ಎಲ್ಲ ಸಮಾಜದವರ ಜೊತೆ ಕೂಡಿ ನಾವೂ ಕೇಳಬೇಕು. ಕೇಳುವುದಕ್ಕಿಂತ ಮುಂಚೆ ಅಲ್ಲಿ ನಮ್ಮ ಮಕ್ಕಳು ಇರಬೇಕು. ವಿದ್ಯಾರ್ಥಿಗಳಿಲ್ಲದ ತರಗತಿಯನ್ನು ಮುಚ್ಚುವುದು ಯಾವ ಸರಕಾರಕ್ಕೂ ಸುಲಭ.

ಸಂಸ್ಥೆಯ ಪದಾಧಿಕಾರಿಗಳಲ್ಲಿ ನನ್ನ ವಿನಂತಿ ಮೂರು. ಪ್ರತಿ ಮೇ-ಜೂನ್ ತಿಂಗಳಲ್ಲಿ ಅರ್ಜಿ ತುಂಬಿಸುವ, ಪ್ರಮಾಣಪತ್ರ ಮಾಡಿಸುವ ಸಹಾಯ ಕೇಂದ್ರವನ್ನು ನಡೆಸಬೇಕು. ನಮ್ಮ ನೆರವಿನ ನಿಧಿಯನ್ನು ಫೀಗೆ ಹಂಚುವುದಕ್ಕಿಂತ, ದೂರದ ಊರಿನಲ್ಲಿ ಸ್ನಾತಕೋತ್ತರ ಓದುವವರ ಖೋಲಿ ಬಾಡಿಗೆ ಮತ್ತು ಊಟಕ್ಕೆ ಕೊಡಬೇಕು; ಲೆಕ್ಕದಲ್ಲಿ ನಾವು ನೋಡಿದಂತೆ ಭಾರ ಇರುವುದು ಅಲ್ಲಿ. ಮತ್ತು ಭಾನುವಾರಕ್ಕೊಮ್ಮೆ ಪದವಿ ವಿದ್ಯಾರ್ಥಿಗಳಿಗೆ ಕನ್ನಡ, ಇಂಗ್ಲಿಷ್, ಲೆಕ್ಕದ ತರಗತಿ ನಡೆಸಬೇಕು. ಕನ್ನಡದ ತರಗತಿಯನ್ನು ನಾನೇ ತೆಗೆದುಕೊಳ್ಳಲು ಸಿದ್ಧನಿದ್ದೇನೆ.

ಪಾಲಕರೇ, ಮಕ್ಕಳನ್ನು ಸರಕಾರಿ ವಿಶ್ವವಿದ್ಯಾಲಯಕ್ಕೆ ಫೀ ಕಡಿಮೆ ಎಂದು ಕಳಿಸಬೇಡಿ, ಅಲ್ಲಿ ಸಿಗುವುದನ್ನು ಪೂರ್ತಿ ತೆಗೆದುಕೊಂಡು ಬಾ ಎಂದು ಕಳಿಸಿ. ವಿದ್ಯಾರ್ಥಿಗಳೇ, ನಿಮ್ಮ ಫೀಯ ಬಹುಪಾಲನ್ನು ಈ ನಾಡಿನ ಜನ ಕಟ್ಟುತ್ತಿದ್ದಾರೆ. ಉಳಿದದ್ದನ್ನು ನಿಮ್ಮ ತಾಯಿ-ತಂದೆ ಬೆವರಿನಿಂದ ಕಟ್ಟುತ್ತಿದ್ದಾರೆ. ನೀವು ಕಟ್ಟಬೇಕಾದದ್ದು ಒಂದೇ, ನಿಮ್ಮ ಮೂರು ವರ್ಷ. ಅದನ್ನು ಪ್ರಾಮಾಣಿಕವಾಗಿ ಕಟ್ಟಿರಿ.